ಎರಡು ಕಾಡು, ಒಂದು ಸಿಂಹ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಸಿಂಹ. ಕಾಡಿನದಲ್ಲ, ಜರಿಯದು.

ಹಿಂದೂಪುರದ ನೇಕಾರರ ಬೀದಿಯ ಓಬಳೇಶಪ್ಪ ಎರಡು ತಿಂಗಳು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಕೆಂಪು ರೇಷ್ಮೆ ಸೀರೆಯ ಸೆರಗಿನಲ್ಲಿ ಆ ಸಿಂಹವನ್ನು ನೇಯ್ದಿದ್ದ. ದಸರೆಯಲ್ಲಿ ಅಮ್ಮನವರಿಗೆ ಉಡಿಸುವ ಸೀರೆ ಅದು. ಊರಿನ ದೊಡ್ಡ ಸೀರೆ ವ್ಯಾಪಾರಿ ಸೀತಾರಾಮಪ್ಪನವರು ರೇಷ್ಮೆ, ಜರಿ ಎಲ್ಲ ತಾವೇ ಕೊಟ್ಟು, ನಿನ್ನ ಕೈಯೇ ಆಗಬೇಕು ಎಂದು ಹೇಳಿ ನೇಯಿಸಿದ್ದರು. ಸೀರೆಯನ್ನು ಅಂಗಡಿಯ ಗಾದಿಯ ಮೇಲೆ ಹರಡಿದ ದಿನ ಅವರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು.

"ಏನಯ್ಯಾ ಇದು?"

"ಸಿಂಹ, ಸಾವ್ಕಾರ್ರೆ. ಅಮ್ಮನೋರ ವಾಹನ."

"ಇದು ಸಿಂಹಾನಾ? ಗಡ್ಡ ಬಿಟ್ಟಿರೋ ನಾಯಿ ಕಣಯ್ಯಾ! ಬಾಲ ಒಂದು ಚೆಂದಾಗಿ ಬಂದೈತೆ, ಇಲ್ಲ ಅನ್ನಾಕಿಲ್ಲ. ಮಕ ನೋಡಿದ್ರೆ ಈಗ ಬೊಗಳ್ತದೇನೋ ಅನ್ನೋ ಹಂಗೈತೆ. ಅಮ್ಮನೋರ್ಗೆ ನಾಯಿ ಸೆರಗು ಹೊದ್ಸಕ್ಕಾಯ್ತದಾ?"

ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು. ಸೀತಾರಾಮಪ್ಪನವರು ಸೀರೆಯನ್ನು ಮಡಿಸಿ ಅವನ ಕೈಗೇ ಇಟ್ಟರು. "ದಸರಾ ಒಳಗೆ ಸಿಂಹದಂಗಿರೋ ಸಿಂಹ ತಗೊಂಡು ಬಾ. ಇಲ್ದಿದ್ರೆ ಧರ್ಮಾವರದೋರ ಕೈಲಿ ನೇಯಿಸ್ತೀನಿ."

ಧರ್ಮಾವರದವರ ಕೈಯಲ್ಲಿ! ಹಿಂದೂಪುರದ ನೇಕಾರನಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಮೂವತ್ತು ವರ್ಷ ಹಂಸ, ನವಿಲು, ಆನೆ ನೇಯ್ದು ಹೆಸರು ಮಾಡಿದ್ದವನು ಸಂಜೆಯೊಳಗೆ ಬೀದಿಗೆಲ್ಲ ಗಡ್ಡದ ನಾಯಿ ಓಬಳೇಶಪ್ಪ ಆಗಿಬಿಟ್ಟ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಹಳೇ ಕಂಬಳಿ ಮುಚ್ಚಿದ.

ನ್ಯಾಯವಾಗಿ ನೋಡಿದರೆ ಅವನ ತಪ್ಪೇನೂ ಇರಲಿಲ್ಲ. ಜನ್ಮದಲ್ಲಿ ಅವನು ಸಿಂಹ ನೋಡಿದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ, ಮೈಸೂರಿನ ಮೃಗಾಲಯದಲ್ಲಿ. ಆ ಪುಣ್ಯಾತ್ಮ ಸಿಂಹ ಬೆನ್ನು ತಿರುಗಿಸಿ ಮಲಗಿತ್ತು. ಹೆಂಡತಿ ಆದಿಲಕ್ಷ್ಮಿ ಕಾಲು ನೋಯುತ್ತದೆ ಎಂದು ಗೋಳಾಡಿದರೂ ಬಿಡದೆ ಎರಡು ಗಂಟೆ ಕಾದ. ಕಂಡದ್ದು ಬಾಲ ಮಾತ್ರ. ಸೆರಗಿನ ಸಿಂಹಕ್ಕೆ ಬಾಲ ಚೆನ್ನಾಗಿ ಬಂದದ್ದು ಅದಕ್ಕೇ. ಮುಖವನ್ನು ಲೇಪಾಕ್ಷಿ ಗುಡಿಯ ಕಲ್ಲಿನ ಕೆತ್ತನೆಯಿಂದ ಸ್ವಲ್ಪ, ದೇವಿಯ ಪಟದಿಂದ ಸ್ವಲ್ಪ, ಉಳಿದದ್ದನ್ನು ತನ್ನ ತಲೆಯಿಂದ ತೆಗೆದು ನೇಯ್ದಿದ್ದ. ಒಂದು ಸಲ, ಒಂದೇ ಒಂದು ಸಲ ಸಿಂಹದ ಮುಖ ಎದುರಿಗೆ ಕಂಡರೆ ಸಾಕು, ಸೀತಾರಾಮಪ್ಪನವರ ಬಾಯಿ ಮುಚ್ಚಿಸುತ್ತೇನೆ ಎಂಬುದು ಅವನ ಹಟ.

ಇಂಥ ಹೊತ್ತಿನಲ್ಲಿ, ಎಂಬತ್ತೊಂಬತ್ತನೇ ಇಸವಿಯ ಆಷಾಢದಲ್ಲಿ, ಅವನಿಗೆ ಆಫ್ರಿಕಾ ಒಲಿದು ಬಂತು.

ಬಂದದ್ದು ಟೀ ಪುಡಿಯ ದಾರಿಯಲ್ಲಿ. 'ಎರಡು ಗಿಣಿ' ಟೀ ಪುಡಿಯವರು ಒಂದು ಸ್ಪರ್ಧೆ ಇಟ್ಟಿದ್ದರು. ಹತ್ತು ಖಾಲಿ ಪೊಟ್ಟಣ ಕಳಿಸಬೇಕು, ಜೊತೆಗೆ 'ನಾನು ಎರಡು ಗಿಣಿ ಟೀ ಕುಡಿಯುವುದು ಯಾಕೆಂದರೆ' ಎಂಬ ವಾಕ್ಯ ಪೂರ್ತಿ ಮಾಡಬೇಕು. ಊರಿನ ಜನ ಪರಿಮಳ, ಚೈತನ್ಯ, ಬಂಗಾರದ ಬಣ್ಣ ಅಂತ ಏನೇನೋ ಬರೆದರು. ಓಬಳೇಶಪ್ಪ 'ಮನೆಯಲ್ಲಿ ಬೇರೆ ಟೀ ಇಲ್ಲ' ಎಂದು ಬರೆದು, ಅಂಚೆಗೆ ಹಾಕಿ, ಮರೆತಿದ್ದ. ಕಂಪನಿಯಲ್ಲಿ ಯಾರಿಗೆ ನಗು ಬಂತೋ ಕಾಣೆ, ಮೊದಲನೇ ಬಹುಮಾನ ಅವನಿಗೇ ಬಂತು.

ಕಾಗದ ಇಂಗ್ಲಿಷಿನಲ್ಲಿತ್ತು. ಆ ಬೀದಿಯ ಇಂಗ್ಲಿಷೆಲ್ಲ ಎದುರುಮನೆಯ ಈರಲಿಂಗಪ್ಪನವರ ವಶದಲ್ಲಿತ್ತು. ಕರೆಂಟ್ ಆಫೀಸಿನಲ್ಲಿ ಗುಮಾಸ್ತರಾಗಿ ರಿಟೈರಾದವರು. ಬುಧವಾರ ಸಂಜೆ ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಓದಿದರು.

"ಗಂಡ ಹೆಂಡ್ರು ಇಬ್ರಿಗೂ ಆಫ್ರಿಕಾದಾಗೆ ಏಳು ದಿವ್ಸ ಕಾಡುಪ್ರಾಣಿ ನೋಡೋ ಟೂರು ಕಣಪ್ಪ. ಇಮಾನ, ಊಟ, ರೂಮು, ಜೀಪು ಎಲ್ಲಾ ಅವ್ರದೇ. ಆದ್ರೆ ಎಲ್ಡು ಕಾಡು ಐತೆ. ಒಂದು ಕೀನ್ಯಾ ದೇಶದ ಮಸಾಯ್ ಮಾರಾ. ಇನ್ನೊಂದು ತಾಂಜಾನಿಯಾ ದೇಶದ ಸೆರೆಂಗೇಟಿ. ಎಲ್ಡ್ರಾಗೆ ಒಂದು ಆರಿಸ್ಕೋಬೇಕು. ಇಗಾ, ಈ ಫಾರಮ್ನಾಗೆ ಎಲ್ಡು ಚೌಕ ಐತಲ್ಲ, ಬೇಕಾದ ಕಾಡಿಗೆ ಟಿಕ್ಕು ಹಾಕಿ, ಇಬ್ರೂ ಸೈನು ಮಾಡಿ, ನಾಳೆ ತಾರೀಕಿನ ಪೋಸ್ಟಾಫೀಸು ಮುದ್ರೆ ಬೀಳಂಗೆ ಕಳಿಸ್ಬೇಕು. ಒಂದಿನ ತಡ ಆದ್ರೂ ಬಹುಮಾನ ಹೋಯ್ತು ಅಂತ ಬರ್ದವ್ರೆ."

"ನಾಳೇನಾ? ಆದಿಲಕ್ಷ್ಮಿ ತವರುಮನೆಗೆ ಹೋಗವ್ಳಲ್ಲಣ್ಣ, ಕಲ್ಯಾಣದುರ್ಗಕ್ಕೆ!"

"ಬೆಳಿಗ್ಗೆ ಬಸ್ಸಿಗೆ ಹೋಗು. ಸೈನು ಹಾಕಿಸ್ಕೊಂಡು ಅಲ್ಲೇ ಪೋಸ್ಟಿಗೆ ಹಾಕು." ಜೊತೆಗೆ ಬಂದಿದ್ದ ನಿಯಮಗಳ ಹಾಳೆಯನ್ನೂ ತೆಗೆದು ಆರು ನಿಯಮ ಓದಿ, ಕಣ್ಣು ಉಜ್ಜಿಕೊಂಡು ಮಡಚಿಟ್ಟರು. "ಮಿಕ್ಕಿದ್ದೆಲ್ಲ ಇಂಥದ್ದೇ. ಅಲ್ಲೇ ಯಾರಾದ್ರೂ ಓದ್ದೋರ ಕೈಲಿ ಓದಿಸ್ಕೋ."

ಓಬಳೇಶಪ್ಪನಿಗೆ ಬೇಕಾದದ್ದು ಒಂದೇ. "ಸಿಂಹ ಯಾವ ಕಾಡ್ನಾಗೆ ಐತಣ್ಣ?"

"ಎಲ್ಡ್ರಾಗೂ ಐತಂತೆ."

"ಮಕ ತೋರಿಸ್ತದಾ?"

"ಅದು ಬರ್ದಿಲ್ಲ ಕಣಪ್ಪ."

ಬಣ್ಣದ ಚಿತ್ರಪುಸ್ತಿಕೆಯೊಂದನ್ನೂ ಕಳಿಸಿದ್ದರು. ಒಂದು ಕಾಡಿನ ಪುಟದಲ್ಲಿ ಜಿರಾಫೆ, ಇನ್ನೊಂದರಲ್ಲಿ ಸಾವಿರಾರು ಕಪ್ಪು ಪ್ರಾಣಿಗಳು ಹೊಳೆ ದಾಟುತ್ತಿದ್ದವು, ಕೊನೆಗೆ ಒಂದು ನಕ್ಷೆ. ಹಾಳಾದ್ದು ಸಿಂಹದ ಚಿತ್ರ ಒಂದೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮೊದಲು ಫಾರಮ್ಮನ್ನು ಜಗಲಿಯ ಮೇಲೆ ಇಟ್ಟು, ಹಾರಿಹೋಗದಿರಲಿ ಅಂತ ಮಗ್ಗದ ಲಾಳಿಯೊಂದನ್ನು ಮೇಲಿಟ್ಟು ಹೋದ. ಅಲ್ಲಿಂದ ಶುರುವಾಯಿತು ನೋಡಿ.

ಪಕ್ಕದ ಮನೆಯ ಕೊಂಡಪ್ಪನೂ ನೇಕಾರನೇ, ಓಬಳೇಶಪ್ಪನ ಓರಗೆಯವನು. ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಬಂದವನು ಫಾರಮ್ ನೋಡಿದ. ಕೀನ್ಯಾದ ಕಾಫಿ ಬೀಜ ಜಗತ್ತಿಗೇ ಒಳ್ಳೆಯದು ಎಂದು ಯಾರೋ ಅವನ ಕಿವಿಗೆ ಊದಿದ್ದರು. ಹೋಗುವವನು ಹೋಗುತ್ತಾನೆ, ಬರುವಾಗ ಒಂದು ಚೀಲ ತರಲಿ ಎಂದು, ಕಿವಿಯ ಸಂದಿಯ ಪೆನ್ಸಿಲು ತೆಗೆದು ಮಸಾಯ್ ಮಾರಾದ ಚೌಕದಲ್ಲಿ ಟಿಕ್ಕು ಹಾಕಿದ.

ಎದುರುಮನೆಯ ಕಿಟಕಿಯಿಂದ ಈರಲಿಂಗಪ್ಪನವರು ಇದನ್ನು ಕಂಡರು. ಅವರಿಗೆ ಆರು ತಿಂಗಳಿಂದ ದವಡೆ ಹಲ್ಲಿನ ನೋವು. ಲವಂಗಕ್ಕೆ ಹೆಸರಾದ ಜಾಂಜಿಬಾರ್ ದ್ವೀಪ ಇರುವುದು ತಾಂಜಾನಿಯಾದಲ್ಲಿ ಎಂಬುದು ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ರಬ್ಬರು ಹಿಡಿದು ಓಡಿಬಂದರು. ಉಜ್ಜಿದರು. ಸೆರೆಂಗೇಟಿಗೆ ಟಿಕ್ಕು ಹಾಕಿದರು.

"ಏನಣ್ಣ ಇದು ಅನ್ಯಾಯ! ಅವ್ನ ಟೂರು, ನೀವ್ಯಾಕೆ ಅಳಿಸ್ತೀರಾ?"

"ಅವ್ನ ಟೂರಿಗೆ ನೀನ್ಯಾಕ್ಲಾ ಹಾಕ್ದೆ?"

ಕೊಂಡಪ್ಪ ರಬ್ಬರು ಕಿತ್ತುಕೊಂಡ. ಈರಲಿಂಗಪ್ಪನವರು ಪೆನ್ಸಿಲು ಕಿತ್ತುಕೊಂಡರು. ಒಬ್ಬರು ಹಾಕುವುದು, ಇನ್ನೊಬ್ಬರು ಉಜ್ಜುವುದು. ಓಬಳೇಶಪ್ಪ ಒದ್ದೆ ತಲೆಯಲ್ಲಿ ಆಚೆ ಬರುವ ಹೊತ್ತಿಗೆ ಎರಡು ಚೌಕವೂ ಬೂದಿ ಮೆತ್ತಿದ ಹಾಗೆ ಮಂಕಾಗಿ, ಕಾಗದ ಅಲ್ಲಿ ಹಪ್ಪಳದಷ್ಟು ತೆಳ್ಳಗಾಗಿತ್ತು.

"ಅಯ್ಯೋ ನಿಮ್ಮ ಮನೆ ಕಾಯ್ವಾಗ! ತೂತು ಬಿದ್ರೆ ಏನ್ ಗತಿ? ಕೊಡ್ರಿ ಇಲ್ಲಿ. ಯಾವ ಕಾಡು ಅಂತ ನಾನು ಆರಿಸ್ಕೋತೀನಿ."

"ನಿಂಗೆ ಆರಿಸೋಕೆ ಬಂದಿದ್ರೆ ಸಿಂಹ ಬಿಟ್ಟು ನಾಯಿ ಯಾಕ್ಲಾ ನೇಯ್ತಿದ್ದೆ?" ಎಂದ ಕೊಂಡಪ್ಪ.

ಆ ಮಾತು ಸುಟ್ಟಿತು. ಓಬಳೇಶಪ್ಪ ಫಾರಮ್ಮನ್ನೂ ಮಿಕ್ಕ ಕಾಗದಗಳನ್ನೂ ಕೈಚೀಲಕ್ಕೆ ತುರುಕಿ ಬಸ್ ಸ್ಟ್ಯಾಂಡಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದ. ಅವರಿಬ್ಬರು ಬಿಟ್ಟಾರೆಯೆ? ಹಿಂದೆಯೇ ಬಂದರು. ಬಸ್ಸಿನ ಕಿಟಕಿಯ ಹತ್ತಿರ ನಿಂತು ಒಬ್ಬ "ಕೀನ್ಯಾ ಕಣ್ಲಾ, ಕೀನ್ಯಾ!" ಎಂದು ಕೂಗಿದರೆ, ಇನ್ನೊಬ್ಬರು ಕೆನ್ನೆ ಹಿಡಿದುಕೊಂಡೇ "ತಾಂಜಾನಿಯಾ! ಮರೀಬೇಡ, ತಾಂಜಾನಿಯಾ!" ಎಂದರು. ಆ ಊರುಗಳಿಗೆ ಈ ಬಸ್ಸು ಹೋಗುವುದಿಲ್ಲವೆಂದು ಕಂಡಕ್ಟರು ತೆಲುಗಿನಲ್ಲಿ ರೇಗಿದ.

"ಆ ಊರ್ಲಕಿ ಈ ಬಸ್ಸು ಪೋದಯ್ಯಾ! ಮಡಕಶಿರ, ಪಾವಗಡ, ಕಲ್ಯಾಣದುರ್ಗಂ! ಎಕ್ಕಂಡಿ, ಎಕ್ಕಂಡಿ!"

ಬಸ್ಸು ಹೊರಟಿತು. ಓಬಳೇಶಪ್ಪ ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಚೌಕ ನೋಡಿದ, ಇನ್ನೊಂದು ಚೌಕ ನೋಡಿದ. ಕಾಫಿ, ಲವಂಗ ಎಲ್ಲ ಅವರವರ ಹೊಟ್ಟೆ, ಹಲ್ಲಿನ ಪಾಡು. ಅವನ ಹೆದರಿಕೆಯೇ ಬೇರೆ. ಸಮುದ್ರ ದಾಟಿ ಅಷ್ಟು ದೂರ ಹೋದಮೇಲೆ, ತಾನು ಆರಿಸಿದ ಕಾಡಿನ ಸಿಂಹವೂ ಬೆನ್ನು ತಿರುಗಿಸಿ ಮಲಗಿದ್ದರೆ? ಮತ್ತೆ ಬಾಲ ನೋಡಿಕೊಂಡು ಬಂದರೆ? ಆಗ ಬೀದಿಯಲ್ಲಿ ತಲೆ ಎತ್ತುವ ಹಾಗೇ ಇಲ್ಲ. ಮಡಕಶಿರದಲ್ಲಿ ಮಾರಾ ಎಂದು ಗಟ್ಟಿ ಮಾಡಿಕೊಂಡ. ಪಾವಗಡ ಬರುವಷ್ಟರಲ್ಲಿ ಸೆರೆಂಗೇಟಿ ಎನ್ನಿಸಿತು. ಪಾವಗಡದಲ್ಲಿ ಒಂದು ಟೀ ಕುಡಿದ ಮೇಲೆ ಎರಡೂ ಬೇಡ ಎನ್ನಿಸಿತು.

ಪಾವಗಡ ದಾಟಿ ಸ್ವಲ್ಪ ದೂರ ಹೋಗಿದ್ದಷ್ಟೇ, ಹಿಂದಿನ ಚಕ್ರ ಢಂ ಎಂದಿತು. ಬದಲಿ ಚಕ್ರಕ್ಕೂ ಗಾಳಿ ಇರಲಿಲ್ಲ. ಕ್ಲೀನರು ಚಕ್ರವನ್ನು ಲಾರಿಗೆ ಏರಿಸಿಕೊಂಡು ಪಾವಗಡಕ್ಕೆ ವಾಪಸು ಹೋದ. ಜನರೆಲ್ಲ ಇಳಿದು ಹುಣಸೆ ಮರದ ಕೆಳಗೆ ಕೂತರು.

ಅಲ್ಲಿ ಕಂಬಳಿ ಹಾಸಿಕೊಂಡು ಒಬ್ಬ ಕುರಿ ಕಾಯುವವನು ಮೊದಲೇ ಕೂತಿದ್ದ. ಹೆಸರು ಪೋತಪ್ಪ, ಬ್ರಹ್ಮಸಮುದ್ರದ ಕಡೆಯವನು. ಐವತ್ತು ಕುರಿ, ಒಂದಷ್ಟು ಮೇಕೆ ಸುತ್ತ ಮೇಯುತ್ತಿದ್ದವು. ಓಬಳೇಶಪ್ಪ ಚಿತ್ರಪುಸ್ತಿಕೆ ಬಿಚ್ಚಿದ್ದು ಕಂಡು ಪಕ್ಕಕ್ಕೆ ಸರಿದು ಬಂದ.

"ಇವೇನಣ್ಣ, ಎಮ್ಮೆನಾ, ಕುದುರೆನಾ? ಮಕ ಅದ್ರದು, ಮೈ ಇದ್ರದು ಇದ್ದಂಗೈತೆ."

"ಆಫ್ರಿಕಾದ ಪ್ರಾಣಿ ಕಣಪ್ಪ." ಕೇಳುವವನು ಸಿಕ್ಕಿದ ಅಂತ ಓಬಳೇಶಪ್ಪ ಎಲ್ಲವನ್ನೂ ಹೇಳಿಕೊಂಡ. ಸಿಂಹ, ಸೀರೆ, ಗಡ್ಡದ ನಾಯಿ, ಎರಡು ಕಾಡು, ಒಂದು ಟಿಕ್ಕು. "ನಂಗೆ ತಲೆ ಕೆಟ್ಟೋಗೈತೆ. ಯಾವ್ದು ಆರಿಸ್ಲಿ ಹೇಳು."

ಪೋತಪ್ಪ ಎರಡು ಚಿತ್ರವನ್ನೂ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಹುಲ್ಲು ಒಂದೇ ಥರ ಐತಲ್ಲಣ್ಣ. ಮರಾನೂ ಅದೇ. ಇವೆಲ್ಡೂ ಅಕ್ಕಪಕ್ಕದ ಕಾಡಾ?"

ಓಬಳೇಶಪ್ಪ ನಕ್ಷೆ ತೆರೆದ. ಇಷ್ಟು ಹೊತ್ತೂ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ನಿಜ, ಮಾರಾ ಮೇಲೆ, ಸೆರೆಂಗೇಟಿ ಕೆಳಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದು ಗೀಟು.

"ಈ ಗೀಟು ಏನು? ಗೋಡೆನಾ?"

"ಇಲ್ಲಪ್ಪ. ಎರಡು ದೇಶದ ಗಡಿ."

ಪೋತಪ್ಪ ನಕ್ಕ. "ಅಣ್ಣ, ನಾನು ಬೆಳಿಗ್ಗೆ ಹೊಂಟಾಗ ಆಂಧ್ರ. ಈಗ ಕೂತಿರೋದು ಕರ್ನಾಟಕ. ಸಂಜೆಗೆ ಮತ್ತೆ ಆಂಧ್ರ. ಹುಲ್ಲು ಎಲ್ಲೈತೋ ಅಲ್ಲಿಗೆ ಕುರಿ. ಕುರಿ ಎಲ್ಲೈತೋ ಅಲ್ಲಿಗೆ ತೋಳ. ಸರ್ಕಾರದೋರು ಗೀಟು ಎಳ್ದವ್ರೆ ಅಂತ ತೋಳ ನಿಂತ್ಕೋತದಾ? ನಿನ್ ಸಿಂಹಾನೂ ಅಷ್ಟೇ. ಇವತ್ತು ಈ ಕಡೆ ಇದ್ರೆ ನಾಳೆ ಆ ಕಡೆ. ಯಾವ್ದಕ್ಕಾದ್ರೂ ಗೀಟು ಹಾಕು, ಹೋಗು."

ಓಬಳೇಶಪ್ಪನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬೆಳಿಗ್ಗೆ ಕೊಂಡಪ್ಪ, ಈರಲಿಂಗಪ್ಪನವರು ಎರಡು ದೇಶದ ಕಡೆಯವರಾಗಿ ಅವನ ಜಗಲಿಯಲ್ಲಿ ರಬ್ಬರು ಹಿಡಿದು ಜಗಳವಾಡಿದ್ದು ಒಂದೇ ಕಾಡಿಗೆ! ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸಂತೋಷದಲ್ಲಿ ಚೀಲದ ಮೇಲೆ ಗಮನ ಹೋಗಲಿಲ್ಲ. ತಿರುಗಿ ನೋಡುವಾಗ ಮೇಕೆಯೊಂದು ಚೀಲಕ್ಕೆ ಮೂತಿ ಹಾಕಿ ಏನೋ ಅಗಿಯುತ್ತಿತ್ತು.

"ಹಚಾ! ಥೂ, ನಿನ್ನ!"

ಫಾರಮ್ ಅವನ ತೊಡೆಯ ಮೇಲೇ ಇತ್ತು, ಪುಣ್ಯಕ್ಕೆ. ಮೇಕೆಯ ಹೊಟ್ಟೆಗೆ ಹೋದದ್ದು ನಿಯಮಗಳ ಹಾಳೆ. ಹೋದರೆ ಹೋಗಲಿ, ಆರು ನಿಯಮ ಕೇಳಿ ಆಗಿದೆ, ಮಿಕ್ಕಿದ್ದೆಲ್ಲ ಇಂಥದ್ದೇ ಅಂತ ಈರಲಿಂಗಪ್ಪನವರೇ ಹೇಳಿದ್ದಾರಲ್ಲ ಎಂದು ಓಬಳೇಶಪ್ಪ ಸಮಾಧಾನ ಮಾಡಿಕೊಂಡ.

ಚಕ್ರ ಬಂದು, ಬಸ್ಸು ಹೊರಟು, ಕಲ್ಯಾಣದುರ್ಗ ಮುಟ್ಟುವಾಗ ನಾಲ್ಕು ಗಂಟೆ. ಪೋಸ್ಟಾಫೀಸು ಮುಚ್ಚುವುದು ಐದಕ್ಕೆ. ಆಟೋ ಹಿಡಿದು ಮಾವನ ಮನೆಗೆ ಓಡಿದ.

ಬಾಗಿಲಲ್ಲೇ ಅತ್ತೆ ಪದ್ಮಾವತಮ್ಮ ಎದುರಾದರು. ಈ ತಾಯಿಯ ವಿಷಯ ಒಂದು ಮಾತು ಹೇಳಬೇಕು. ಅವರ ಕೈಯ ಅರಿಶಿನ ಕುಂಕುಮದಿಂದ ತಪ್ಪಿಸಿಕೊಂಡ ವಸ್ತು ಆ ಮನೆಯಲ್ಲಿರಲಿಲ್ಲ. ಹೊಸ್ತಿಲು ಬಿಡಿ, ಅದು ಎಲ್ಲರ ಮನೆಯಲ್ಲೂ ಉಂಟು. ಇಲ್ಲಿ ಕರೆಂಟ್ ಮೀಟರು, ಹೊಲಿಗೆ ಮಿಷನ್ನು, ರೇಡಿಯೋ, ಗ್ಯಾಸ್ ಸಿಲಿಂಡರು, ಎಲ್ಲದರ ಹಣೆಯಲ್ಲೂ ಬೊಟ್ಟು. ಅಳಿಯ ಹೊಸ ಸೈಕಲ್ಲಿನಲ್ಲಿ ಬಂದ ವರ್ಷ ಅವರು ಸೀಟಿಗೂ ಒಂದು ಇಟ್ಟಿದ್ದರು; ಅವನು ನೋಡದೆ ಹತ್ತಿ, ಪಂಚೆಯ ಹಿಂಭಾಗ ಕೆಂಪಗೆ ಮಾಡಿಕೊಂಡು ಪೇಟೆಯೆಲ್ಲ ಸುತ್ತಿ ಬಂದಿದ್ದ.

"ಬನ್ನಿ ಅಳಿಯಂದ್ರೇ! ಏನ್ ಹಿಂಗೆ ಹೇಳ್ದೆ ಕೇಳ್ದೆ? ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಇಡ್ತೀನಿ."

"ಊಟ ಆಮೇಲೆ ಅತ್ತೆ. ಆದಿಲಕ್ಷ್ಮಿ ಎಲ್ಲಿ?"

ಆದಿಲಕ್ಷ್ಮಿ ತಂಗಿಯ ಮೊಮ್ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಗಂಡ ಒಂದೇ ಉಸಿರಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ ಅವನ ಮುಖವನ್ನೇ ನೋಡಿದಳು.

"ಆ ನಾಯಿ ಸಲುವಾಗಿ ಆಫ್ರಿಕಾಕ್ಕೆ ಹೋಯ್ತೀರಾ?"

"ನಾಯಿ ಅಲ್ಲ ಕಣೆ! ಸಿಂಹ!" ಅವನು ಫಾರಮ್ಮನ್ನು ಅವಳ ಮುಂದೆ ಚಾಚಿದ. "ನೀನೂ ಹಂಗಂದ್ರೆ ನಾನೆಲ್ಲಿಗೆ ಹೋಗ್ಲಿ?"

ಆದಿಲಕ್ಷ್ಮಿಗೆ ಪಾಪ ಎನ್ನಿಸಿತು. ಮೂವತ್ತು ವರ್ಷದಿಂದ ನೋಡಿದ್ದಾಳೆ, ಈ ಮನುಷ್ಯ ನೇಯ್ದದ್ದರಲ್ಲಿ ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯುವವನು. ಎಣ್ಣೆಯ ಕೈ ಒರೆಸಿಕೊಂಡಳು. "ಆಯ್ತು, ಬತ್ತೀನಿ. ಆದ್ರೆ ಈ ಸಲ ಅದು ತಿರುಗಿ ಮಲ್ಗಿದ್ರೆ ಎರಡು ಗಂಟೆ ನಿಲ್ಲಾಕಿಲ್ಲ, ಈಗ್ಲೇ ಹೇಳ್ಬುಟ್ಟಿವ್ನಿ. ಎಲ್ಲಿ ಸೈನು ಹಾಕ್ಬೇಕು?"

ನಾಲಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದಳು. ಅವನೂ ಬರೆದ.

"ಎರಡ್ರಾಗೆ ಮೊದಲು ಬರ್ದಿರೋದು ಯಾವ ಕಾಡು?"

"ಮಸಾಯ್ ಮಾರಾ."

"ಅದಕ್ಕೇ ಹಾಕಿ ಮತ್ತೆ."

ಓಬಳೇಶಪ್ಪ ಉಸಿರು ಬಿಗಿಹಿಡಿದು, ಕಾಗದ ತೂತಾಗದ ಹಾಗೆ, ನೀಲಿ ಶಾಯಿಯಲ್ಲಿ ಮೊದಲನೇ ಚೌಕಕ್ಕೆ ಟಿಕ್ಕು ಹಾಕಿದ. ಜನ್ಮದಲ್ಲಿ ಅಷ್ಟು ಅಂದವಾದ ಗೆರೆ ಅವನು ಎಳೆದಿರಲಿಲ್ಲ.

ಲಕೋಟೆಗೆ ಕೈಹಾಕುವಷ್ಟರಲ್ಲಿ ಪದ್ಮಾವತಮ್ಮ ಅಡ್ಡ ಬಂದರು. "ಅಯ್ಯೋ ಶಿವನೇ, ಹಂಗೇ ಕಳಿಸ್ತೀರಾ? ಬರೀ ಕಾಗದ ಕಳ್ಸಾಕೆ ಇದೇನು ಸಾವಿನ ಸುದ್ದಿನಾ? ಇಮಾನ ಹತ್ತೋ ಕಾಗದ! ಕೊಡಿ, ದೇವ್ರ ಮುಂದೆ ಇಟ್ಟು ತತ್ತೀನಿ."

"ಅತ್ತೆ, ಟೈಮಾಯ್ತದೆ!"

"ಎರಡು ನಿಮಿಷ ಕಣಪ್ಪ. ಅಷ್ಟರಾಗೆ ಮಜ್ಜಿಗೆ ಕುಡೀರಿ."

ಅತ್ತೆಗೆ ಎದುರಾಡುವ ಅಳಿಯ ಆ ಕಡೆ ಇನ್ನೂ ಹುಟ್ಟಿಲ್ಲ. ಓಬಳೇಶಪ್ಪ ಮಜ್ಜಿಗೆ ಕುಡಿದ. ಪದ್ಮಾವತಮ್ಮ ದೇವರ ಕೋಣೆಯಿಂದ ಬರುವಾಗ ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿಯೂ ಆಗಿತ್ತು. ನಾಲ್ಕು ಮೂಲೆಯಲ್ಲಿ ಅರಿಶಿನ ಹಳದಿಯಾಗಿ ಹೊಳೆಯುತ್ತಿತ್ತು. ನೋಡಿದರೆ ಓಬಳೇಶಪ್ಪನಿಗೂ ಮನಸ್ಸು ತುಂಬಿ ಬಂತು. ತಗೊಂಡು ಓಡಿದ.

ಪೋಸ್ಟಾಫೀಸಿನಲ್ಲಿ ಗುಮಾಸ್ತ ಕಿಟಕಿ ಎಳೆಯುತ್ತಿದ್ದ. "ಟೈಮ್ ಅಯಿಪೋಯಿಂದಿ, ರೇಪು ರಾ."

"ನಾಳೆ ಬಂದ್ರೆ ಸಿಂಹ ಹೋಯ್ತದಪ್ಪ! ಕಾಲಿಗೆ ಬೀ‍ಳ್ತೀನಿ, ಇವತ್ತಿನ ಮುದ್ರೆ ಒಂದು ಒತ್ತು."

ಸಿಂಹ ಯಾವುದು, ಎಲ್ಲಿಗೆ ಹೋಗುತ್ತದೆ, ಗುಮಾಸ್ತನಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಅರಿಶಿನ ಹಚ್ಚಿದ ಲಕೋಟೆ ಕಂಡು, ಯಾರದೋ ಮದುವೆಯ ಕಾಗದ ಇರಬೇಕೆಂದು ಕಿಟಕಿ ತೆರೆದು ಟಪ್ ಎಂದು ಮುದ್ರೆ ಒತ್ತಿದ. ತಾರೀಕು ಸ್ಪಷ್ಟವಾಗಿ ಮೂಡಿತ್ತು. ಎಲ್ಲ ಅತ್ತೆಯ ಕೈಗುಣ ಅಂದುಕೊಂಡು ಓಬಳೇಶಪ್ಪ ನಿಧಾನವಾಗಿ ನಡೆದು ಬಂದ. ಸಂಜೆ ಅಂಗಳದಲ್ಲಿ ಕೂತು ಎಲ್ಲರೂ ಟೀ ಕುಡಿದರು, ಎರಡು ಗಿಣಿ ಟೀ. ಆ ಮನೆಯಲ್ಲೂ ಬೇರೆ ಟೀ ಇರಲಿಲ್ಲ.

ಮುಂದಿನ ದಿನಗಳಲ್ಲಿ ಅವನು ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ಓಡಾಡಿದ. ಕಾಫಿ ಬೀಜವನ್ನೂ ಲವಂಗವನ್ನೂ ಎರಡನ್ನೂ ತರುತ್ತೇನೆಂದು ಇಬ್ಬರನ್ನೂ ರಾಜಿ ಮಾಡಿಸಿದ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಆದಿಲಕ್ಷ್ಮಿ ತಾಯಿಯನ್ನೂ ಕರೆದುಕೊಂಡು ಹಿಂದೂಪುರಕ್ಕೆ ಬಂದಳು. ಹಬ್ಬದ ಮಾರನೇ ದಿನ ಕಂಪನಿಯಿಂದ ಒಂದು ಲಕೋಟೆ, ಒಂದು ಉದ್ದನೆಯ ಕೊಳವೆ ಬಂದವು.

ಈರಲಿಂಗಪ್ಪನವರು ಓದಲು ಶುರುಮಾಡಿ ನಡುವೆ ನಿಲ್ಲಿಸಿದರು. ಕೆನ್ನೆ ಒತ್ತಿಕೊಂಡರು.

"ಏನಣ್ಣ? ಯಾವತ್ತು ಇಮಾನ?"

"ಇಮಾನ ಇಲ್ಲ ಕಣಪ್ಪ. ಎರಡೂ ಚೌಕದಾಗೆ ಗುರುತು ಮಾಡಿದೀರಿ, ಏಳನೇ ನಿಯಮದ ಪ್ರಕಾರ ಬಹುಮಾನ ರದ್ದು ಅಂತ ಬರ್ದವ್ರೆ. ನಿನ್ ಫಾರಮ್ನೂ ವಾಪಸ್ ಕಳ್ಸವ್ರೆ."

"ಸುಳ್ಳು! ನಾನೇ ನನ್ನ ಕೈಯಾರೆ ಒಂದಕ್ಕೇ ಹಾಕಿವ್ನಿ!"

ಫಾರಮ್ ಬಿಚ್ಚಿದರು. ಮಾರಾದ ಚೌಕದಲ್ಲಿ ನೀಲಿ ಟಿಕ್ಕು ಇತ್ತು, ಅಂದವಾಗಿಯೇ ಇತ್ತು. ಸೆರೆಂಗೇಟಿಯ ಚೌಕದ ನಟ್ಟನಡುವೆ, ಹೆಬ್ಬೆರಳಿನ ಗೆರೆ ಸಮೇತ, ದುಂಡಗೆ, ಕೆಂಪಗೆ ಒಂದು ಕುಂಕುಮದ ಬೊಟ್ಟು.

ಎಲ್ಲರ ಕಣ್ಣೂ ಪದ್ಮಾವತಮ್ಮನವರ ಕಡೆಗೆ ತಿರುಗಿದವು. ಆ ತಾಯಿ ಒಂದಿಷ್ಟೂ ಅಳುಕಲಿಲ್ಲ.

"ಹೌದು, ನಾನೇ ಇಟ್ಟಿದ್ದು. ಒಂದು ಚೌಕದಾಗೆ ನೀವು ಚೆಂದಾಗಿ ಗೀಟು ಎಳ್ದಿದ್ರಿ. ಪಕ್ಕದ್ದು ಪಾಪ ಬರೀ ಹಣೆ ಇಟ್ಕೊಂಡಿತ್ತು, ಅದೂ ಮಸಿ ಮಸಿ. ಬರಿಯಾಕೆ ಮರ್ತವ್ರೆ ಅಂದ್ಕೊಂಡೆ. ಶುಭದ ಕಾಗದ, ಬರೀ ಹಣೆ ಇಟ್ಕೊಂಡು ಊರೂರು ಹೋಯ್ತದಾ?"

ಮಸಿ ಎಂದ ಕೂಡಲೇ ಕೊಂಡಪ್ಪ ಮೆಲ್ಲಗೆ ಎದ್ದು ಮನೆಗೆ ಹೋದ. ಈರಲಿಂಗಪ್ಪನವರಿಗೆ ಆಗಲೇ ಹಲ್ಲು ನೋವು ಜೋರಾಯಿತು. ಓಬಳೇಶಪ್ಪನಿಗೆ ಅಳು ಬಂತು, ಆದರೆ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಅತ್ತೆ ಒಳ್ಳೆಯದಕ್ಕೇ ಮಾಡಿದ್ದರು. ಅದೇ ಕಷ್ಟ.

"ಆ ಕೊಳವೆ ಏನು ನೋಡ್ರಿ" ಎಂದಳು ಆದಿಲಕ್ಷ್ಮಿ, ಮಾತು ಬದಲಿಸಲು.

ಸಮಾಧಾನದ ಬಹುಮಾನ ಅಂತ ಕಳಿಸಿದ್ದ ಕ್ಯಾಲೆಂಡರು ಅದು. ಬಿಚ್ಚಿ ನೆಲದ ಮೇಲೆ ಹರಡಿದರೆ, ಆಳುದ್ದದ ಫೋಟೋ. ಎರಡೂ ಕಾಡಿನ ಗಡಿಯಲ್ಲಿ ತೆಗೆದದ್ದು ಎಂದು ಕೆಳಗೆ ಅಚ್ಚಾಗಿತ್ತು. ಹುಲ್ಲಿನ ಮೇಲೆ ಒಂದು ಸಿಂಹ. ನಿಜವಾದ ಸಿಂಹ. ಪೂರ್ತಿ ಮುಖ ಈ ಕಡೆಗೇ ತಿರುಗಿಸಿಕೊಂಡು, ಬಾಯಿ ಅರ್ಧ ತೆರೆದು, ಬಾಲವನ್ನು ಪಕ್ಕಕ್ಕೆ ಚಾಚಿ ಕೂತಿತ್ತು.

ಓಬಳೇಶಪ್ಪ ನೋಡಿದ. ಬಗ್ಗಿ ಇನ್ನೊಮ್ಮೆ ನೋಡಿದ. ಒಳಗೆ ಓಡಿ ಟ್ರಂಕಿನ ಕಂಬಳಿ ಎಸೆದು, ಸೀರೆ ತಂದು ಪಕ್ಕಕ್ಕೆ ಹರಡಿದ. ಅದೇ ಅಗಲ ಮೂಗು. ಅದೇ ಜೋಲು ತುಟಿ. ಕೆನ್ನೆಯ ಸುತ್ತ ಅದೇ ಗಡ್ಡ. ಎಡಗಿವಿ ಒಂದಿಷ್ಟು ವಾಲಿದ್ದೂ ಅದೇ. ಕಾಣದೆಯೇ ನೇಯ್ದಿದ್ದ, ಕಂಡ ಹಾಗೆಯೇ ನೇಯ್ದಿದ್ದ!

"ಆದಿಲಕ್ಷ್ಮೀ! ನೋಡೇ! ನಂದೇ ಸರಿ ಕಣೆ! ನಂದೇ ಸರಿ!"

ಆದಿಲಕ್ಷ್ಮಿಯ ಕಣ್ಣಲ್ಲೂ ನೀರು ಬಂತು. "ಹೋಗಿ, ಈಗಿಂದೀಗ್ಲೇ ಸಾವ್ಕಾರ್ರಿಗೆ ತೋರಿಸ್ಕೊಂಡು ಬನ್ನಿ. ಆಫ್ರಿಕಾ ಹಾಳಾಗೋಗ್ಲಿ."

ಚಪ್ಪಲಿ ಕೂಡ ಮೆಟ್ಟದೆ ಅವನು ಅಂಗಡಿಗೆ ಹೋದ. ಗಾದಿಯ ಮೇಲೆ ಒಂದು ಕಡೆ ಸೆರಗು, ಇನ್ನೊಂದು ಕಡೆ ಕ್ಯಾಲೆಂಡರು ಹರಡಿದ.

ಸೀತಾರಾಮಪ್ಪನವರು ಕನ್ನಡಕ ಹಾಕಿಕೊಂಡರು. ಸೆರಗು ನೋಡಿದರು. ಫೋಟೋ ನೋಡಿದರು. ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಎರಡನ್ನೂ ನೋಡಿದರು.

"ಎರಡೂ ಒಂದೇ ಥರ ಅವೆ" ಎಂದರು.

"ಅದೇ ಸಾವ್ಕಾರ್ರೆ!" ಓಬಳೇಶಪ್ಪ ಬಗ್ಗಿ ಸಿಂಹದ ಮೂಗಿನ ಮೇಲೆ ಬೆರಳಿಟ್ಟ. "ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

"ಇಲ್ಲ. ಅದಕ್ಕೇ ಹೇಳ್ತಿರೋದು. ಈ ಫೋಟೋನೂ ಸರಿಯಾಗಿಲ್ಲ ಕಣಯ್ಯಾ, ಇದ್ಕೂ ಗಡ್ಡದ ನಾಯಿ ಮಕಾನೇ ಬಂದ್ಬುಟ್ಟೈತೆ." ಸೀತಾರಾಮಪ್ಪನವರು ಕ್ಯಾಲೆಂಡರನ್ನು ಸುತ್ತಿ ಅವನ ಕೈಗಿಟ್ಟು ಭುಜ ತಟ್ಟಿದರು. "ಬಾಲ ಮಾತ್ರ ಅದಕ್ಕಿಂತ ನಿಂದೇ ವಾಸಿ."